ಶಾಸ್ತ್ರದಾನವೂ ಶಾಲೆಯ ಗ್ರಂಥಾಲಯವೂ

ಶ್ರಾವಕನ ನಿತ್ಯಕರ್ತವ್ಯಗಳೆಂದು ಹೇಳಲಾಗಿರುವ ಆರರಲ್ಲಿ ಸ್ವಾಧ್ಯಾಯವೂ ಒಂದು, ದಾನವೂ ಒಂದು. ಮೊದಲನೆಯದು ತನ್ನ ಅಜ್ಞಾನವನ್ನು ಕಳೆದುಕೊಳ್ಳುವ ಪ್ರಯತ್ನ. ಎರಡನೆಯದು ತನ್ನಲ್ಲಿರುವುದನ್ನು ಪರರ ಹಿತಕ್ಕಾಗಿ ತ್ಯಜಿಸುವ ಅಭ್ಯಾಸ. ಇವೆರಡೂ ಒಂದೆಡೆ ಕೂಡುವುದು ಶಾಸ್ತ್ರದಾನದಲ್ಲಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರನ್ನು ಕೇಳದ ಜೈನ ಕುಟುಂಬವಿರಲಾರದು. ಅನ್ನದಿಂದ ಒಂದು ಹೊತ್ತಿನ ಹಸಿವು ಹಿಂಗುತ್ತದೆ. ಔಷಧದಿಂದ ಒಂದು ವ್ಯಾಧಿ ಶಮನವಾಗುತ್ತದೆ. ಜ್ಞಾನವಾದರೋ ಪಡೆದವನಲ್ಲಿ ಉಳಿದು, ಅವನಿಂದ ಮತ್ತೊಬ್ಬನಿಗೆ ಹರಿಯುತ್ತದೆ.

ಶಾಸ್ತ್ರ ಎಂಬ ಪದಕ್ಕೆ ಮುಖ್ಯಾರ್ಥ ಜಿನಾಗಮವೇ ಹೌದು. ಶಾಲೆಯ ಮಕ್ಕಳು ಓದುವ ಗಣಿತ, ವಿಜ್ಞಾನ, ಚರಿತ್ರೆ, ಕಥೆಗಳ ಪುಸ್ತಕಗಳನ್ನು ಆ ಅರ್ಥದಲ್ಲಿ ಶಾಸ್ತ್ರವೆನ್ನಲು ಬಾರದು. ಆದರೆ ಓದಲು ಬಲ್ಲವನಿಗಲ್ಲದೆ ಆಗಮದ ಬಾಗಿಲು ತೆರೆಯುವುದಿಲ್ಲ. ಓದುವ ಅಭ್ಯಾಸ, ಓದಿದ್ದನ್ನು ವಿಚಾರಿಸುವ ಅಭ್ಯಾಸ ಬಾಲ್ಯದಲ್ಲಿ ಹತ್ತದಿದ್ದರೆ ಮುಂದೆ ಸ್ವಾಧ್ಯಾಯವೆಂಬುದು ಬಾಯಿಮಾತಾಗಿ ಉಳಿಯುತ್ತದೆ. ಈ ವಿಶಾಲವಾದ ಅರ್ಥದಲ್ಲಿ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟದ್ದೂ ಜ್ಞಾನದಾನವೇ. ಸಮಾಜದ ಟ್ರಸ್ಟುಗಳು, ಬಸದಿಗಳ ಆಡಳಿತ ಮಂಡಳಿಗಳು, ವಿದ್ಯಾರ್ಥಿನಿಲಯಗಳು, ದಾನಿಗಳ ಕುಟುಂಬಗಳು ಹೀಗೆ ತಿಳಿದೇ ಅನೇಕ ಶಾಲೆಗಳಿಗೆ ಪುಸ್ತಕಗಳನ್ನೂ ಕಪಾಟುಗಳನ್ನೂ ಕೊಡುತ್ತ ಬಂದಿವೆ. ಅದು ಸ್ತುತ್ಯವಾದುದೇ. ಆದರೆ ಅದರೊಡನೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಪುಸ್ತಕವನ್ನು ಕೊಟ್ಟು, ಅದನ್ನು ಓದುಗನ ಕೈಗೆ ಮುಟ್ಟಿಸುವ ವ್ಯವಸ್ಥೆಯನ್ನು ಮಾಡದಿದ್ದರೆ ಆ ದಾನ ಪೂರ್ಣವಾಯಿತೇ?

ಪ್ರಶ್ನೆ ಕೇವಲ ತರ್ಕದ್ದಲ್ಲ. ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿನ ಒಂದು ಕಬ್ಬಿಣದ ಬೀರು. ಅದರ ಮೇಲೆ ದಾನಿಯ ಹೆಸರು ಬಣ್ಣದಲ್ಲಿ ಬರೆಯಲ್ಪಟ್ಟಿರುತ್ತದೆ, ಬಾಗಿಲಿಗೆ ಬೀಗವಿರುತ್ತದೆ, ಕೀಲಿಕೈ ಯಾವನೋ ಒಬ್ಬ ಶಿಕ್ಷಕನ ಬಳಿ ಇರುತ್ತದೆ. ಆತನಿಗೆ ವಾರಕ್ಕೆ ಮೂವತ್ತು ಪಾಠಗಳ ಭಾರವಿರುವುದರಿಂದ ಬೀಗ ತೆಗೆಯಲು ಪುರುಸೊತ್ತಿಲ್ಲ. ವರ್ಷಕ್ಕೊಮ್ಮೆ ಪರಿಶೀಲನೆಗೆ ಅಧಿಕಾರಿಗಳು ಬಂದಾಗ ಬೀರು ತೆರೆಯುತ್ತದೆ, ಧೂಳು ಝಾಡಿಸಲ್ಪಡುತ್ತದೆ, ದಾಸ್ತಾನು ಪುಸ್ತಕಕ್ಕೆ ಸಹಿ ಬೀಳುತ್ತದೆ, ಮತ್ತೆ ಬೀಗ ಬೀಳುತ್ತದೆ.

ಈ ಸ್ಥಿತಿ ಇಂದಿನದಲ್ಲ. 1952-53ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ ಪ್ರೌಢಶಿಕ್ಷಣವನ್ನು ಪರಾಮರ್ಶಿಸಿದ ಆಯೋಗವು, ಬಹುಪಾಲು ಶಾಲೆಗಳಲ್ಲಿ ಹೆಸರಿಗೆ ತಕ್ಕ ಗ್ರಂಥಾಲಯವೇ ಇಲ್ಲವೆಂದು ವಿಷಾದಿಸಿತು. ಇರುವ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ಗಮನಿಸದೆ ಆರಿಸಿದವು. ಅವುಗಳ ಹೊಣೆ ಹೊತ್ತವನು ಬಿಡುವಿನ ವೇಳೆಯಲ್ಲಿ ಆ ಕೆಲಸ ನೋಡುವ ಗುಮಾಸ್ತ ಅಥವಾ ಆಸಕ್ತಿಯಿಲ್ಲದ ಶಿಕ್ಷಕ ಎಂದು ಅದು ಗುರುತಿಸಿತು. ತರಬೇತಿ ಪಡೆದ ಗ್ರಂಥಪಾಲಕನಿಲ್ಲದೆ ಶಾಲಾ ಗ್ರಂಥಾಲಯ ಜೀವಂತವಾಗಲಾರದೆಂಬುದು ಅದರ ಅಭಿಪ್ರಾಯವಾಗಿತ್ತು. ಏಳು ದಶಕಗಳು ಕಳೆದಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳುಳ್ಳ ಗ್ರಂಥಾಲಯವಿರತಕ್ಕದ್ದೆಂದು ವಿಧಿಸಿತು. ನೂರಕ್ಕೂ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಬೇಕೆಂದೂ ಅದೇ ಅನುಸೂಚಿ ಹೇಳುತ್ತದೆ. ಗ್ರಂಥಪಾಲಕನ ಹೆಸರು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಸರ್ಕಾರಿ ಶಾಲೆಗಳಿಗೆ ಅವುಗಳ ಹಂತಕ್ಕನುಗುಣವಾಗಿ ವರ್ಷಕ್ಕೆ 5,000 ರೂಪಾಯಿಗಳಿಂದ 20,000 ರೂಪಾಯಿಗಳವರೆಗೆ ಗ್ರಂಥಾಲಯ ಅನುದಾನವನ್ನು ಗೊತ್ತುಮಾಡಿತು. ಆ ಹಣ ಪುಸ್ತಕಕ್ಕೆ. ಪುಸ್ತಕ ಕೊಡುವ ಮನುಷ್ಯನಿಗಲ್ಲ. ದಾನಿಗಳ ನಡತೆಯೂ ಸರ್ಕಾರದ ನಡತೆಯೂ ಈ ಒಂದು ವಿಷಯದಲ್ಲಿ ಒಂದೇ ಆಗಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಫಲದಲ್ಲಿ ತಾರತಮ್ಯವುಂಟಾಗಲು ನಾಲ್ಕು ಕಾರಣಗಳನ್ನು ಹೇಳಿದ್ದಾರೆ. ದಾನ ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಮುನಿಗಳಿಗೆ ಆಹಾರದಾನ ಮಾಡುವ ಗೃಹಸ್ಥರಿಗೆ ಈ ನಾಲ್ಕರ ಅರ್ಥವನ್ನು ವಿವರಿಸಬೇಕಾದುದಿಲ್ಲ. ಶುದ್ಧವಾದ ಅನ್ನವಿದ್ದರೆ ಸಾಲದು, ಶ್ರದ್ಧೆಯಿದ್ದರೆ ಸಾಲದು, ಮನೆಯ ಮುಂದೆ ಮುನಿಗಳು ಬಂದರೂ ಸಾಲದು. ಪಡಿಗಾಹನೆಯಿಂದ ಮೊದಲ್ಗೊಂಡು ಕ್ರಮವರಿತು ನೀಡದಿದ್ದರೆ ಆಹಾರ ನಡೆಯುವುದೇ ಇಲ್ಲ. ಅಡುಗೆ ಮಾಡಿ ಕೋಣೆಗೆ ಬೀಗ ಹಾಕಿದವನನ್ನು ಆಹಾರದಾನಿಯೆಂದು ಯಾರೂ ಕರೆಯುವುದಿಲ್ಲ.

ಇದೇ ಅಳತೆಯನ್ನು ಶಾಲೆಯ ಗ್ರಂಥಾಲಯಕ್ಕೆ ಹಿಡಿದು ನೋಡಬಹುದು. ದ್ರವ್ಯವೆಂದರೆ ಪುಸ್ತಕ, ದಾತೃವೆಂದರೆ ಟ್ರಸ್ಟು ಅಥವಾ ಗೃಹಸ್ಥ, ಪಾತ್ರರೆಂದರೆ ವಿದ್ಯಾರ್ಥಿಗಳೂ ಶಿಕ್ಷಕರೂ. ಮೂರೂ ಇವೆ. ನಾಲ್ಕನೆಯದಾದ ವಿಧಿ ಯಾವುದು? ಯಾವ ಪುಸ್ತಕ ಯಾವ ವಯಸ್ಸಿನವರಿಗೆ ತಕ್ಕದ್ದೆಂದು ಅರಿತು ತರಿಸುವುದು, ಬಂದದ್ದನ್ನು ವಿಷಯವಾರು ವಿಂಗಡಿಸಿ ಸೂಚಿ ಬರೆಯುವುದು, ಕೇಳಿದವನಿಗೆ ಹುಡುಕಿ ಕೊಡುವುದು, ಕೇಳಲು ತಿಳಿಯದವನಿಗೆ ತಾನೇ ಕರೆದು ಕೊಡುವುದು, ಕೊಟ್ಟದ್ದನ್ನು ಮರಳಿ ಪಡೆದು ಮುಂದಿನವನಿಗಾಗಿ ಕಾಪಾಡುವುದು, ಇದೇ ಗ್ರಂಥದಾನದ ವಿಧಿ. ಈ ವಿಧಿಯನ್ನು ಬಲ್ಲವನೇ ಗ್ರಂಥಪಾಲಕ. ಅವನನ್ನು ಬಿಟ್ಟು ಮಾಡಿದ ದಾನದಲ್ಲಿ ನಾಲ್ಕರಲ್ಲಿ ಒಂದಂಗ ಊನವಾಗಿರುತ್ತದೆ.

ಭಾರತದಲ್ಲಿ ಈ ವಿಚಾರವನ್ನು ಶಾಸ್ತ್ರವಾಗಿ ರೂಪಿಸಿದವರು ಡಾ. ಎಸ್. ಆರ್. ರಂಗನಾಥನ್. 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿ, ಗಣಿತದ ಅಧ್ಯಾಪಕರಾಗಿದ್ದ ಇವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕಗಳಿರುವುದು ಉಪಯೋಗಕ್ಕಾಗಿ, ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ವ್ಯರ್ಥವಾಗಬಾರದು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿಯಂತೆ ಇರಬೇಕು ಎಂಬುದು ಅವುಗಳ ಸಾರ. ತಮ್ಮ ಜೀವಿತದ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿಯೇ ಕಳೆದರು. ಅಲ್ಲಿ 1962ರಲ್ಲಿ ಗ್ರಂಥಾಲಯ ಶಿಕ್ಷಣದ ಒಂದು ಉನ್ನತ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮೊದಲನೆಯ ಸೂತ್ರ ಕೇಳಲು ಅತಿ ಸರಳ. ಆದರೆ ಪುಸ್ತಕಗಳನ್ನು ಕಬ್ಬಿಣದ ಸರಪಣಿಗಳಿಂದ ಕಪಾಟಿಗೆ ಬಿಗಿಯುತ್ತಿದ್ದ ಯುರೋಪಿನ ಮಧ್ಯಯುಗದ ಪದ್ಧತಿಯನ್ನು ಅವರೇ ಆ ಸೂತ್ರದ ವಿವರಣೆಯಲ್ಲಿ ನೆನಪಿಸಿದ್ದಾರೆ. ಸರಪಣಿ ಹೋಗಿ ಬೀಗ ಬಂದರೆ ಸೂತ್ರ ಪಾಲನೆಯಾದಂತಾಗಲಿಲ್ಲ.

ಎರಡನೆಯ, ಮೂರನೆಯ ಸೂತ್ರಗಳಂತೂ ಗ್ರಂಥಪಾಲಕನಿಲ್ಲದೆ ನಡೆಯುವ ಬಗೆಯೇ ಇಲ್ಲ. ಏಳನೆಯ ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಅವರ ಓದಿನ ಶಕ್ತಿ ನಲವತ್ತು ಬಗೆ. ಒಬ್ಬಳು ಒಂಬತ್ತನೆಯ ತರಗತಿಯ ಪುಸ್ತಕವನ್ನು ಸಲೀಸಾಗಿ ಓದುತ್ತಾಳೆ. ಇನ್ನೊಬ್ಬನು ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಎರಡನೆಯವನಿಗೆ ಎಲ್ಲರೆದುರು ಮೂರನೆಯ ತರಗತಿಯ ಪುಸ್ತಕ ಕೊಟ್ಟರೆ ಅವಮಾನ. ಏಳನೆಯದನ್ನು ಕೊಟ್ಟರೆ ಭಯ. ಅವನಿಗೆ ಕಪ್ಪೆಯ ವಿಷಯವೋ, ಕ್ರಿಕೆಟ್ಟಿನ ವಿಷಯವೋ, ರೈಲಿನ ವಿಷಯವೋ ಇಷ್ಟವೆಂದು ತಿಳಿದು, ಚಿತ್ರಗಳು ಹೆಚ್ಚಾಗಿದ್ದು ಮಾತು ಕಡಿಮೆಯಿರುವ ಪುಸ್ತಕವೊಂದನ್ನು ಸದ್ದಿಲ್ಲದೆ ಕೈಗಿಡುವವನು ಬೇಕು. ಕನ್ನಡದಲ್ಲಿ ಇಂಥ ಸಾಹಿತ್ಯಕ್ಕೆ ಕೊರತೆಯಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರು ಮಕ್ಕಳಿಗಾಗಿಯೇ ಬರೆದರು, ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದರು, ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂದಿತು. ಇವು ಅನೇಕ ಹಳೆಯ ಶಾಲೆಗಳ ಬೀರುಗಳಲ್ಲಿ ಇಂದಿಗೂ ಇವೆ. ಹೊಸ ಮಕ್ಕಳ ಪುಸ್ತಕಗಳೂ ವರ್ಷವರ್ಷ ಬರುತ್ತಿವೆ. ಕೊರತೆಯಿರುವುದು ಕೂಡಿಸುವವರದು.

ಶಿಕ್ಷಕರಿಗೆ ಗ್ರಂಥಾಲಯದ ಅಗತ್ಯ ವಿದ್ಯಾರ್ಥಿಗಳಿಗಿಂತ ಕಡಿಮೆಯದಲ್ಲ, ಹೆಚ್ಚಿನದು. ಪಠ್ಯಪುಸ್ತಕವೊಂದನ್ನೇ ಹಿಡಿದು ಹತ್ತು ವರ್ಷ ಪಾಠ ಹೇಳಿದವನಿಗೆ ಪಾಠ ಬಾಯಿಪಾಠವಾಗಿರುತ್ತದೆ. ಹೊಸ ಪ್ರಶ್ನೆ ಕೇಳುವ ವಿದ್ಯಾರ್ಥಿ ಅವನಿಗೆ ಉಪದ್ರವವಾಗಿ ತೋರುತ್ತಾನೆ. ಲಕ್ಕುಂಡಿಯ ಪಾಠ ಮಾಡುವ ಮುನ್ನಾ ದಿನ ಗ್ರಂಥಪಾಲಕನು ಆ ಊರಿನ ಬ್ರಹ್ಮ ಜಿನಾಲಯದ ಚಿತ್ರಗಳನ್ನೂ, ಅಲ್ಲಿಯ 1007ರ ಶಾಸನದ ಪಾಠವನ್ನೂ, ಒಂದು ಜಿಲ್ಲಾ ಗ್ಯಾಸೆಟಿಯರನ್ನೂ ತೆಗೆದಿಟ್ಟನೆನ್ನಿ. ಮರುದಿನದ ಪಾಠ ಬೇರೆಯೇ ಆಗುತ್ತದೆ. ತರಗತಿಯಲ್ಲಿ ಎದ್ದ ಪ್ರಶ್ನೆಗೆ, ನಾಳೆ ಗ್ರಂಥಾಲಯದಲ್ಲಿ ಕೂಡಿ ಹುಡುಕೋಣವೆಂದು ಹೇಳುವ ಧೈರ್ಯ ಶಿಕ್ಷಕನಿಗೆ ಬರುತ್ತದೆ. ಗುರುವೂ ಇನ್ನೂ ಕಲಿಯುತ್ತಿರುವವನೇ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುವುದಕ್ಕಿಂತ ದೊಡ್ಡ ನೀತಿಪಾಠ ಮತ್ತೊಂದಿಲ್ಲ. ಅಮೆರಿಕದ ಕೊಲರಾಡೋ ರಾಜ್ಯದ ಶಾಲೆಗಳನ್ನು ಕುರಿತು ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಕುಟುಂಬಗಳ ಆರ್ಥಿಕ ಸ್ಥಿತಿಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೆಯೂ, ಗ್ರಂಥಾಲಯದ ಸಿಬ್ಬಂದಿ ಹಾಗೂ ಸಂಗ್ರಹ ಚೆನ್ನಾಗಿರುವೆಡೆ ಮಕ್ಕಳ ಓದಿನ ಸಾಮರ್ಥ್ಯ ಮೇಲಾಗಿತ್ತೆಂದು ತೋರಿಸಿತು.

ಕನ್ನಡ ನಾಡಿನ ಜೈನ ಪರಂಪರೆಗೆ ಈ ವಿಚಾರ ಹೊಸತೇನೂ ಅಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಈ ಸಂಗತಿಯನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವಾಗ ಸಾವಿರ ಎಂಬ ಸಂಖ್ಯೆಯ ಮೇಲೆಯೇ ಒತ್ತು ಬೀಳುತ್ತದೆ. ಅದರ ಹಿಂದಿನ ಮನುಷ್ಯರನ್ನೂ ನೆನೆಯಬೇಕು. ಓಲೆಗರಿಗಳನ್ನು ಹದಮಾಡಿದವರು, ಕಂಠದಿಂದ ಅಕ್ಷರ ಕೊರೆದ ಲಿಪಿಕಾರರು, ಮೂಲದೊಡನೆ ತಾಳೆ ನೋಡಿದ ವಿದ್ವಾಂಸರು, ಪ್ರತಿಗಳನ್ನು ಊರೂರಿಗೆ ಒಯ್ದವರು ಎಷ್ಟು ಮಂದಿಯೋ. ಅವರೆಲ್ಲರ ಜೀವನೋಪಾಯವನ್ನು ಆಕೆ ವಹಿಸಿಕೊಂಡಿರಲೇಬೇಕು. ಆ ಮಹಾತಾಯಿಯ ದಾನದಲ್ಲಿ ದ್ರವ್ಯದಷ್ಟೇ ವಿಧಿಯೂ ಸೇರಿತ್ತು. ಒಂದೇ ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟಿದ್ದರೆ ಖರ್ಚು ಅಷ್ಟೇ ಆಗಬಹುದಿತ್ತು. ಆದರೆ ದಾನಚಿಂತಾಮಣಿಯೆಂಬ ಹೆಸರು ಬರುತ್ತಿರಲಿಲ್ಲ.

ಮೂಡಬಿದಿರೆಯ ಸಿದ್ಧಾಂತ ಬಸದಿಯ ಗ್ರಂಥಗಳ ವೃತ್ತಾಂತವೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಹಾಗೂ ಅವರು ಆರಂಭಿಸಿ ಜಿನಸೇನಾಚಾರ್ಯರು ಮುಗಿಸಿದ ಜಯಧವಲಾ ತಾಡಪ್ರತಿಗಳು ಅಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಕಾಪಾಡಿದ ಭಟ್ಟಾರಕರಿಗೂ ಶ್ರಾವಕರಿಗೂ ಸಮಾಜ ಎಂದೆಂದಿಗೂ ಋಣಿ. ಅವರಿಲ್ಲದಿದ್ದರೆ ಇಂದು ಓದಲು ಏನೂ ಉಳಿದಿರುತ್ತಿರಲಿಲ್ಲ. ಆದರೆ ಬಹುಕಾಲ ಅವು ದರ್ಶನಕ್ಕೆ ದೊರೆಯುತ್ತಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕಾರ್ಯ ಆರಂಭವಾಯಿತು. 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಹೊರಬಂದು, ಮುಂದೆ ಹದಿನಾರು ಸಂಪುಟಗಳಾಗಿ ಪೂರ್ಣವಾಯಿತು. ಅಂದಿನಿಂದ ಆ ಗ್ರಂಥವನ್ನು ಯಾವ ಊರಿನ ವಿದ್ಯಾರ್ಥಿಯಾದರೂ ತೆರೆದು ಓದಬಹುದಾಯಿತು. ರಕ್ಷಣೆ ಮೊದಲ ಮೆಟ್ಟಿಲು. ಅದರ ಪ್ರಯೋಜನ ಕಾಣುವುದು ಎರಡನೆಯ ಮೆಟ್ಟಿಲಿನಲ್ಲಿ.

ಆ ಎರಡನೆಯ ಮೆಟ್ಟಿಲನ್ನು ಕಟ್ಟುವವರು ಎಂಥವರೆಂಬುದಕ್ಕೆ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ನಿದರ್ಶನ. ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಗಳ ಹೊಣೆ ಹೊತ್ತು ದುಡಿದ ಅವರು, ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳಲ್ಲಿನ ತಾಡಪ್ರತಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿದರು. ಭಾರತೀಯ ಜ್ಞಾನಪೀಠ ಅದನ್ನು 1948ರಲ್ಲಿ ಪ್ರಕಟಿಸಿತು. ಯಾವ ಗ್ರಂಥ ಎಲ್ಲಿದೆಯೆಂದು ತಿಳಿಸುವ ಇಂಥ ಸೂಚಿಯಿಲ್ಲದಿದ್ದರೆ ಭಂಡಾರವಿದ್ದೂ ಇಲ್ಲದಂತೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಹೆಸರೂ ಇಲ್ಲಿ ಸ್ಮರಣೀಯ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ತಂದೊಪ್ಪಿಸಿದ ಓಲೆಪ್ರತಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅದನ್ನು ಪ್ರಕಟಿಸಿದವರು ಅವರು. ತಂದುಕೊಟ್ಟವರ ಔದಾರ್ಯದಷ್ಟೇ, ಪಡೆದುಕೊಂಡವರ ಯೋಗ್ಯತೆಯೂ ಲೋಕಕ್ಕೆ ಉಪಕಾರ ಮಾಡಿತು.

ಹೀಗಿದ್ದೂ ಶಾಲೆಗಳ ಕಪಾಟಿಗೆ ಬೀಗ ಏಕೆ ಬೀಳುತ್ತದೆ? ಕೀಲಿಕೈ ಹಿಡಿದ ಶಿಕ್ಷಕನನ್ನು ನಿಂದಿಸಿ ಪ್ರಯೋಜನವಿಲ್ಲ. ಪುಸ್ತಕ ಕಳೆದರೆ ಅದರ ಬೆಲೆಯನ್ನು ತನ್ನ ಸಂಬಳದಿಂದ ತೆರಬೇಕಾದೀತೆಂಬ ಭಯ ಅವನದು. ಪುಸ್ತಕಗಳನ್ನು ಮಕ್ಕಳಿಗೆ ಕೊಟ್ಟು ಐದು ಕಳೆದುಕೊಂಡವನಿಗೆ ಮೇಲಿನವರಿಂದ ನೋಟೀಸು. ಒಂದನ್ನೂ ಕೊಡದೆ ಎಲ್ಲವನ್ನೂ ಗೆದ್ದಲಿಗೆ ಬಿಟ್ಟವನಿಗೆ ಯಾವ ದಂಡವೂ ಇಲ್ಲ. ಇಂಥ ವ್ಯವಸ್ಥೆಯಲ್ಲಿ ಬುದ್ಧಿವಂತನು ಬೀಗವನ್ನೇ ಆರಿಸಿಕೊಳ್ಳುತ್ತಾನೆ. ಆಡಳಿತದವರು ಗಮನಿಸಬೇಕಾದ ಒಂದು ವಿಷಯವಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಕಾರಣವಲ್ಲದಿದ್ದರೆ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋಗುವುದು ಸಹಜವೆಂದು ಒಪ್ಪುತ್ತವೆ. ಸರ್ಕಾರದ ಲೆಕ್ಕವೇ ಇಷ್ಟನ್ನು ಕ್ಷಮಿಸುವುದಾದರೆ ಧರ್ಮಸಂಸ್ಥೆಯ ಲೆಕ್ಕ ಅದಕ್ಕಿಂತ ಕಠಿಣವಾಗಬೇಕಾದ ಕಾರಣವಿಲ್ಲ. ಅಂಗಡಿಯಲ್ಲಿ ಧಾನ್ಯ ಅಳೆಯುವಾಗ ಒಂದು ಹಿಡಿ ಚೆಲ್ಲುತ್ತದೆಂದು ವ್ಯಾಪಾರವನ್ನೇ ಮುಚ್ಚುವವರುಂಟೇ?

ಇನ್ನೂ ಆಳವಾದ ಒಂದು ಕಾರಣವುಂಟು. ಕೊಟ್ಟ ವಸ್ತುವಿನ ಮೇಲೆ ಕೊಟ್ಟವನ ಮಮತೆ ಉಳಿಯುವುದೇ ಅದು. ಮೂರ್ಛೆ, ಎಂದರೆ ವಸ್ತುವಿನ ಮೇಲಿನ ಮಮಕಾರವೇ, ಪರಿಗ್ರಹವೆಂದು ಆಚಾರ್ಯರು ನಿರೂಪಿಸಿದ್ದಾರೆ. ಪುಸ್ತಕ ಶಾಲೆಯ ಬೀರುವಿನಲ್ಲಿದ್ದರೂ, ತನ್ನ ಹೆಸರಿನ ಫಲಕ ಹೊಳೆಯುತ್ತಿರಬೇಕು, ತಾನು ಕೊಟ್ಟ ಸಂಪುಟಗಳ ರಟ್ಟು ಮಾಸಬಾರದು ಎಂಬ ಆಸೆ ದಾನಿಯಲ್ಲಿ ಉಳಿದಿದ್ದರೆ ತ್ಯಾಗ ಇನ್ನೂ ಆಗಿಲ್ಲ; ಸ್ಥಳ ಮಾತ್ರ ಬದಲಾಗಿದೆ. ಜ್ಞಾನವನ್ನು ಮರೆಸುವುದು, ತಿಳಿದದ್ದನ್ನು ಮತ್ಸರದಿಂದ ಹೇಳದಿರುವುದು, ಕಲಿಯುವವನಿಗೆ ಅಡ್ಡಿ ಮಾಡುವುದು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಎಣಿಸುತ್ತದೆ. ಬೀಗ ಹಾಕಿದವನಲ್ಲಿ ದುರುದ್ದೇಶವಿಲ್ಲ ಎಂಬುದು ನಿಜ. ಭಾವವೇ ಬಂಧಕ್ಕೆ ಪ್ರಧಾನವೆಂಬುದೂ ನಿಜ. ಆದರೆ ಮಗುವೊಂದು ಮುಚ್ಚಿದ ಗಾಜಿನ ಬಾಗಿಲಿನಾಚೆಯ ಪುಸ್ತಕವನ್ನು ನೋಡುತ್ತಲೇ ಮೂರು ವರ್ಷ ಕಳೆದು ಶಾಲೆ ಬಿಟ್ಟುಹೋದರೆ, ಅಡ್ಡಿಯಂತೂ ಆಗಿಯೇ ಆಯಿತು. ಅದನ್ನು ತಿಳಿದ ಮೇಲೆಯೂ ಸುಮ್ಮನಿರುವುದು ಪ್ರಮಾದ.

ಇದಕ್ಕೆ ಎದುರಾಗಿ ಬರುವ ಮೊದಲ ಆಕ್ಷೇಪ ಹಣದ್ದು. ಪುಸ್ತಕಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಸಂಬಳವೆಂದರೆ ಪ್ರತಿ ತಿಂಗಳೂ ಕೊಡಬೇಕು ಎಂದು ಟ್ರಸ್ಟಿನ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ವ್ಯವಹಾರಸ್ಥರಿಗೆ ಲೆಕ್ಕವೇ ಉತ್ತರ. 300 ಮಕ್ಕಳ ಒಂದು ಶಾಲೆಗೆ ತಲಾ 200 ರೂಪಾಯಿಯ 1,000 ಪುಸ್ತಕಗಳನ್ನು ಕೊಟ್ಟರೆಂದು ಭಾವಿಸೋಣ. ವೆಚ್ಚ 2,00,000 ರೂಪಾಯಿ. ಗ್ರಂಥಪಾಲಕನಿಲ್ಲದೆ ವರ್ಷಕ್ಕೆ ನೂರು ಪುಸ್ತಕಗಳು ಎರವಲು ಹೋದರೆ ಐದು ವರ್ಷಕ್ಕೆ 500 ಓದು. ಒಂದು ಓದಿಗೆ ಬಿದ್ದ ವೆಚ್ಚ 400 ರೂಪಾಯಿ. ಈಗ ತಿಂಗಳಿಗೆ 20,000 ರೂಪಾಯಿ ವೇತನದ ಒಬ್ಬ ಗ್ರಂಥಪಾಲಕನನ್ನು ನೇಮಿಸಿದರೆ ಐದು ವರ್ಷದ ವೇತನ 12,00,000, ಒಟ್ಟು 14,00,000. ಪ್ರತಿ ಮಗುವೂ ವರ್ಷಕ್ಕೆ ಇಪ್ಪತ್ತು ಪುಸ್ತಕ ಒಯ್ದರೆ ಐದು ವರ್ಷಕ್ಕೆ 30,000 ಓದು. ಒಂದಕ್ಕೆ ಸುಮಾರು 47 ರೂಪಾಯಿ. ಇದು ಉದಾಹರಣೆಯ ಲೆಕ್ಕ. ಊರಿಗೆ ತಕ್ಕಂತೆ ಅಂಕಿ ಬದಲಾಗಬಹುದು. ಆದರೆ ಗೋದಾಮಿನಿಂದ ಕದಲದ ಸರಕು ಅಗ್ಗವಾಗಿ ಕೊಂಡದ್ದಾದರೂ ನಷ್ಟವೇ ಎಂಬ ತತ್ತ್ವವನ್ನು ಯಾವ ವರ್ತಕನೂ ಅಲ್ಲಗಳೆಯಲಾರ.

ಎರಡನೆಯ ಆಕ್ಷೇಪ ಈ ಕಾಲದ್ದು. ಮಕ್ಕಳ ಕೈಯಲ್ಲಿ ಮೊಬೈಲ್ ಇರುವಾಗ, ಕೇಳಿದ್ದಕ್ಕೆಲ್ಲ ಕ್ಷಣಮಾತ್ರದಲ್ಲಿ ಅದರಿಂದ ಉತ್ತರ ಬರುವಾಗ ಗ್ರಂಥಾಲಯವೇಕೆಂಬುದು. ಇಲ್ಲಿ ಶ್ರುತಾವತಾರದ ಕಥೆಯನ್ನು ನೆನೆಯುವುದು ಉಚಿತ. ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಶ್ರುತಜ್ಞಾನ ತಮ್ಮೊಡನೆ ಅಳಿಯಬಾರದೆಂದು ಇಬ್ಬರು ಮುನಿಗಳನ್ನು ಬರಮಾಡಿಕೊಂಡರು. ಬಂದೊಡನೆ ಪಾಠ ಆರಂಭಿಸಲಿಲ್ಲ. ಒಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದಕ್ಷರ ಹೆಚ್ಚಾದ ಮಂತ್ರವನ್ನೂ ಕೊಟ್ಟು ಸಾಧಿಸಲು ಹೇಳಿದರು. ದೇವತೆಗಳು ವಿಕಾರರೂಪದಲ್ಲಿ ತೋರಿದಾಗ ಮುನಿಗಳು ತಪ್ಪನ್ನು ತಾವೇ ಕಂಡುಕೊಂಡು ತಿದ್ದಿದರು. ಆ ಮೇಲೆಯೇ ಅವರು ಶ್ರುತಕ್ಕೆ ಅರ್ಹರೆಂದು ಆಚಾರ್ಯರು ನಿಶ್ಚಯಿಸಿದರು. ಅವರೇ ಪುಷ್ಪದಂತ, ಭೂತಬಲಿ. ದೊರೆತ ಮಾತನ್ನು ಹಾಗೆಯೇ ನುಂಗದೆ, ಇದರಲ್ಲಿ ಒಂದಕ್ಷರ ಹೆಚ್ಚೋ ಕಡಿಮೆಯೋ ಎಂದು ಪರೀಕ್ಷಿಸುವ ಶಕ್ತಿಯೇ ಜ್ಞಾನಕ್ಕೆ ಅರ್ಹತೆ. ಮೊಬೈಲಿನಲ್ಲಿ ಅಕ್ಷರ ಹೆಚ್ಚಾದ, ಕಡಿಮೆಯಾದ ಮಂತ್ರಗಳೇ ತುಂಬಿರುವ ಕಾಲದಲ್ಲಿ, ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಇನ್ನೊಂದು ಪುಸ್ತಕ ಏನು ಹೇಳುತ್ತದೆ ಎಂದು ಕೇಳಲು ಕಲಿಸುವ ಗ್ರಂಥಪಾಲಕನ ಅಗತ್ಯ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ.

ಧರ್ಮಸಂಸ್ಥೆಯ ಶಾಲೆಯಲ್ಲಿ ಎಂಥ ಪುಸ್ತಕಗಳಿರಬೇಕೆಂಬ ಪ್ರಶ್ನೆಯೂ ಏಳುತ್ತದೆ. ಹಿಂಸೆ, ದ್ವೇಷಗಳನ್ನು ಕೆರಳಿಸುವ ಬರವಣಿಗೆ ಮಕ್ಕಳಿಗೆ ಬೇಡವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಮತದ ಪುಸ್ತಕಗಳು ಮಾತ್ರ ಸಾಕೆಂಬ ನಿಲುವು ಅನೇಕಾಂತಕ್ಕೆ ಒಪ್ಪುವುದಲ್ಲ. ಅಕಲಂಕರು ಬೌದ್ಧರ ಶಾಸ್ತ್ರವನ್ನು ಬೌದ್ಧರ ಮಠದಲ್ಲಿಯೇ ವೇಷ ಮರೆಸಿಕೊಂಡು ಕಲಿತರೆಂದೂ, ಅದಕ್ಕಾಗಿ ಸಹೋದರ ನಿಷ್ಕಲಂಕರ ಪ್ರಾಣವನ್ನೇ ಕಳೆದುಕೊಳ್ಳಬೇಕಾಯಿತೆಂದೂ ಕಥೆ ಹೇಳುತ್ತದೆ. ಪರರ ಮಾತನ್ನು ಮೂಲದಲ್ಲಿಯೇ ಓದಬೇಕೆಂಬ ಹಂಬಲಕ್ಕೆ ಅಷ್ಟು ಬೆಲೆ ತೆತ್ತ ಪರಂಪರೆಯವರು, ಇಂದು ಯಾವ ಅಪಾಯವೂ ಇಲ್ಲದೆ ನಾನಾ ದರ್ಶನಗಳ ಪುಸ್ತಕಗಳನ್ನು ಒಂದೇ ಕಪಾಟಿನಲ್ಲಿ ಇಡಲು ಅಂಜಬಾರದು. ಪಠ್ಯಪುಸ್ತಕ ಒಂದು ನಯವನ್ನು ತೋರಿಸುತ್ತದೆ; ಉಳಿದ ನಯಗಳನ್ನು ತೋರಿಸಬಲ್ಲದ್ದು ಗ್ರಂಥಾಲಯ.

ಟ್ರಸ್ಟುಗಳು ಮಾಡಬಹುದಾದುದು ಅಸಾಧ್ಯವೇನೂ ಅಲ್ಲ. ಶಾಲೆಗೆ ಗ್ರಂಥದಾನ ಮಾಡುವಾಗ ಮೊತ್ತದಲ್ಲಿ ಒಂದು ಪಾಲನ್ನು ಮಾತ್ರ ಪುಸ್ತಕಕ್ಕೆ ಬಳಸಿ, ಉಳಿದುದನ್ನು ಶಾಶ್ವತ ನಿಧಿಯಾಗಿರಿಸಿ ಅದರ ಬಡ್ಡಿಯನ್ನು ಗ್ರಂಥಪಾಲಕನ ವೇತನಕ್ಕೆ ಮೀಸಲಿಡಬಹುದು. ಒಂದು ಸಂಸ್ಥೆಗೆ ಭಾರವಾದರೆ, ನೆರೆಯ ಎರಡು ಮೂರು ಶಾಲೆಗಳ ಟ್ರಸ್ಟುಗಳು ಕೂಡಿ ತರಬೇತಿ ಪಡೆದ ಒಬ್ಬರನ್ನು ನೇಮಿಸಿ, ವಾರಕ್ಕೆ ಎರಡೆರಡು ದಿನ ಹಂಚಿಕೊಳ್ಳಬಹುದು. ವೇತನ ಮಾತ್ರ ನ್ಯಾಯವಾದುದಾಗಿರಬೇಕು. ದಾನದ ಹೆಸರಿನಲ್ಲಿ ದುಡಿಯುವವನಿಗೆ ಕಡಿಮೆ ಕೊಟ್ಟು ಪುಣ್ಯವನ್ನು ಹೆಚ್ಚು ಬರೆದುಕೊಳ್ಳಲಾಗದು. ಸಮಂಜಸವಾದ ಸವಕಳಿಯನ್ನು ಮೊದಲೇ ಠರಾವಿನಲ್ಲಿ ಒಪ್ಪಿ, ಕಳೆದ ಪುಸ್ತಕದ ಭಯದಿಂದ ಸಿಬ್ಬಂದಿಯನ್ನು ಬಿಡಿಸಬೇಕು. ವಾರ್ಷಿಕ ವರದಿಯಲ್ಲಿ ಎಷ್ಟು ಪುಸ್ತಕಗಳಿವೆ ಎಂಬುದರ ಬದಲು ಎಷ್ಟು ಪುಸ್ತಕಗಳು ಮಕ್ಕಳ ಕೈಗೆ ಹೋದವು ಎಂಬುದನ್ನು ಕೇಳಬೇಕು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮವನ್ನು ಕರ್ನಾಟಕ ಸರ್ಕಾರ 2020ರಲ್ಲಿ ಆರಂಭಿಸಿತು. ಶಾಲೆಯ ಗ್ರಂಥಪಾಲಕನು ಅಂಥ ಗ್ರಂಥಾಲಯಗಳೊಡನೆ ಪುಸ್ತಕಗಳನ್ನು ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭ.

ಸಮಂತಭದ್ರಾಚಾರ್ಯರು ಶ್ರಾವಕಾಚಾರದಲ್ಲಿ ದಾನಗಳಿಗೆ ಕೊಟ್ಟ ದೃಷ್ಟಾಂತಗಳಲ್ಲಿ ಕೌಂಡೇಶನ ಹೆಸರಿದೆ. ಹಿಂದಿನ ಜನ್ಮದಲ್ಲಿ ಅವನು ಗೋವಳ. ಮರದ ಪೊಟರೆಯಲ್ಲಿ ದೊರೆತ ಶಾಸ್ತ್ರವೊಂದನ್ನು ಭಕ್ತಿಯಿಂದ ಕಾಪಾಡಿ, ಕೊನೆಗೆ ಅದನ್ನು ಮುನಿಗಳಿಗೆ ಒಪ್ಪಿಸಿದ. ಆ ಪುಣ್ಯದಿಂದ ಮುಂದೆ ಶ್ರುತಪಾರಗನಾದನೆಂದು ಕಥೆ. ಅವನು ಶಾಸ್ತ್ರವನ್ನು ಬರೆಯಿಸಲೂ ಇಲ್ಲ, ಹಣ ಕೊಟ್ಟು ಕೊಳ್ಳಲೂ ಇಲ್ಲ. ದೊರೆತದ್ದನ್ನು ಕಾಪಾಡಿ, ಓದಬಲ್ಲವರ ಕೈಗೆ ಮುಟ್ಟಿಸಿದ, ಅಷ್ಟೇ. ಶಾಲೆಯ ಗ್ರಂಥಪಾಲಕನು ದಿನವೂ ಮಾಡುವ ಕೆಲಸ ಇದೇ. ಅದನ್ನು ಗುಮಾಸ್ತಿಕೆಯೆಂದು ಹಗುರಾಗಿ ಕಾಣುವವರು ಈ ದೃಷ್ಟಾಂತವನ್ನು ಮತ್ತೊಮ್ಮೆ ಓದಬೇಕು.

ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುವಾಗ ಬಸದಿಗಳಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಹೊದಿಸಿ ಪೂಜಿಸುವ ಸಂಪ್ರದಾಯವಿದೆ. ಆ ದಿನ ಟ್ರಸ್ಟಿನ ಸದಸ್ಯರು ತಮ್ಮ ಸಂಸ್ಥೆ ನಡೆಸುವ, ಇಲ್ಲವೇ ತಮ್ಮ ಹಿರಿಯರು ಪುಸ್ತಕ ಕೊಟ್ಟ ಒಂದು ಶಾಲೆಗೂ ಹೋಗಿಬರಲಿ. ಬೀರುವಿನ ಕೀಲಿಕೈ ಯಾರ ಬಳಿ ಇದೆ, ಎರವಲು ಪುಸ್ತಕದಲ್ಲಿ ಕೊನೆಯ ಸಹಿ ಯಾವ ದಿನಾಂಕದ್ದು, ಆ ಮಗುವಿಗೆ ಪುಸ್ತಕ ಆರಿಸಿಕೊಟ್ಟವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಮೂರನೆಯದಕ್ಕೆ ಉತ್ತರ ದೊರೆಯದಿದ್ದರೆ, ಆ ವರ್ಷದ ಶಾಸ್ತ್ರದಾನವನ್ನು ಅಲ್ಲಿಂದಲೇ ಆರಂಭಿಸಬಹುದು.